ಎಣ್ಣೆಯ ಅಳತೆ ಯಾರ ಕೈಯಲ್ಲಿರಬೇಕು?

ಹಣ ಕೊಟ್ಟು ಗಾಡಿ ಕೊಂಡವನಿಗೆ ಆ ಗಾಡಿಯ ಹೊಟ್ಟೆಯಲ್ಲಿ ಎಣ್ಣೆ ಎಷ್ಟಿದೆ, ಹೇಗಿದೆ ಎಂದು ನೋಡುವ ಅಧಿಕಾರ ಉಂಟೋ ಇಲ್ಲವೋ? ಪ್ರಶ್ನೆ ಹುಡುಗಾಟದ್ದೆಂದು ತೋರಬಹುದು. ಎಂಜಿನ್ನಿನ ಎಣ್ಣೆಯನ್ನು ನೋಡಲು ಕಡ್ಡಿಯೊಂದು ಇದೆ. ಬಾನೆಟ್ಟು ಎತ್ತಿ, ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ನೋಡಿದರೆ ಮುಗಿಯಿತು. ಶಾಲೆಗೆ ಹೋಗುವ ಹುಡುಗನೂ ನೋಡಬಲ್ಲ. ಆದರೆ ತಾನಾಗಿಯೇ ಗೇರು ಬದಲಿಸಿಕೊಳ್ಳುವ ಗಾಡಿಗಳು, ಎಂದರೆ ನಾವು ಆಟೋಮ್ಯಾಟಿಕ್ ಎಂದು ಕರೆಯುವ ಗಾಡಿಗಳು ಇವೆಯಲ್ಲ, ಅವುಗಳ ಗೇರ್‌ಬಾಕ್ಸಿಗೂ ಹಿಂದೆ ಇಂಥದೇ ಒಂದು ಕಡ್ಡಿ ಇರುತ್ತಿತ್ತು. ಈಗ ಬರುವ ಬಹುಪಾಲು ಗಾಡಿಗಳಲ್ಲಿ ಅದು ಇಲ್ಲ. ಕಡ್ಡಿ ಇದ್ದ ಕಡೆ ಮುಚ್ಚಳ ಬಂತು, ಮುಚ್ಚಳವೂ ಹೋಗಿ ಗಾಡಿಯ ತಳದಲ್ಲಿ ಒಂದು ಬಿರಡೆ ಉಳಿಯಿತು. ಎಣ್ಣೆ ಯಾವಾಗ ಬದಲಿಸಬೇಕೆಂದು ಕೇಳಿದರೆ, ‘ಬದಲಿಸುವುದೇ ಬೇಡ, ಇದು ಗಾಡಿಯ ಆಯುಷ್ಯಕ್ಕೆಲ್ಲ ಸಾಕು’ ಎಂಬ ಉತ್ತರ ಬರುತ್ತದೆ.

ಈ ಉತ್ತರವನ್ನು ನಾವು ಒಪ್ಪಬೇಕೆ? ಒಪ್ಪಬಾರದೆಂಬುದು ಈ ಲೇಖನದ ವಾದ. ಗೇರ್‌ಬಾಕ್ಸಿನ ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸಲೇಬೇಕು. ಆ ಕೆಲಸ ಮನೆಯಂಗಳದಲ್ಲಿಯೋ ಊರಿನ ಗ್ಯಾರೇಜಿನಲ್ಲಿಯೋ ಆಗುವಂತಿರಬೇಕು. ಅದಕ್ಕೆ ಬೇಕಾದ ತಿಳಿವಳಿಕೆಯನ್ನು ತಯಾರಕರು ಬಚ್ಚಿಡಬಾರದು.

ಇದು ಶ್ರೀಮಂತರ ಚಿಂತೆಯೆ?

ಗಿರಣಿಯಲ್ಲಿ ದುಡಿಯುವವರು, ಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟವರು ಓದುವ ಪತ್ರಿಕೆಯಲ್ಲಿ ಆಟೋಮ್ಯಾಟಿಕ್ ಕಾರಿನ ಮಾತೇಕೆ ಎಂದು ಕೆಲವರು ಕೇಳಿಯಾರು. ಕೇಳಲಿ. ಅವರು ಗಿರಣಿಗೆ ಬಂದಿರುವ ಸ್ಕೂಟರನ್ನೇ ಮೊದಲು ನೋಡಲಿ. ೧೯೮೪ರಲ್ಲಿ ಕೈನೆಟಿಕ್ ಹೋಂಡಾ ಬಂದಾಗಿನಿಂದ ನಮ್ಮ ದೇಶದಲ್ಲಿ ಗೇರಿಲ್ಲದ ಸ್ಕೂಟರು ಓಡುತ್ತಿದೆ. ಗೇರಿಲ್ಲವೆಂದರೆ ಗೇರೇ ಇಲ್ಲವೆಂದಲ್ಲ. ಬೆಲ್ಟೂ ರಾಟೆಯೂ ಸೇರಿ ಆ ಕೆಲಸವನ್ನು ತಾವೇ ಮಾಡಿಕೊಳ್ಳುತ್ತವೆ ಎಂದು ಅರ್ಥ. ಹಿಂದಿನ ಗಾಲಿಯ ಬಳಿ ಒಂದು ಪುಟ್ಟ ಗೇರ್‌ಬಾಕ್ಸು ಇದೆ. ಸಾಮಾನ್ಯವಾಗಿ ನೂರು ನೂರಿಪ್ಪತ್ತು ಮಿಲಿಲೀಟರಿನಷ್ಟು ಎಣ್ಣೆ ಅದರಲ್ಲಿ ಇರುತ್ತದೆ. ಒಂದು ಲೋಟ ಚಹಾದಷ್ಟು. ಆ ಎಣ್ಣೆಯನ್ನು ವರ್ಷಗಟ್ಟಲೆ ಬದಲಿಸದೆ, ಹಿಂದಿನ ಗಾಲಿ ಗುಂಯ್ಗುಟ್ಟಲು ತೊಡಗಿದ ಮೇಲೆ ಬೇರಿಂಗು ಹಾಕಿಸುವವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ!

ಇನ್ನು ಕಾರಿನ ಮಾತು. ೨೦೧೪ರಲ್ಲಿ ಮಾರುತಿಯವರ ಸೆಲೆರಿಯೊ ಎಂಬ ಸಣ್ಣ ಕಾರು ಎ.ಎಂ.ಟಿ. ಎಂಬ ಅಗ್ಗದ ಏರ್ಪಾಡಿನೊಂದಿಗೆ ಬಂದ ಮೇಲೆ ಆಟೋಮ್ಯಾಟಿಕ್ ಎಂಬುದು ಕಡಿಮೆ ಬೆಲೆಯ ಕಾರುಗಳಿಗೂ ಇಳಿಯಿತು. ಮಂಡಿನೋವಿನಿಂದ ಕ್ಲಚ್ಚು ತುಳಿಯಲಾರದ ಅಂಗಡಿಯ ಯಜಮಾನರು, ಎಡಗಾಲಿಗೆ ಬಲವಿಲ್ಲದವರು, ಹೊಸದಾಗಿ ಕಲಿತ ಹೆಣ್ಣುಮಕ್ಕಳು ಇಂಥ ಗಾಡಿಗಳನ್ನು ಇಷ್ಟಪಡುತ್ತಾರೆ. ಪೇಟೆಯ ಸಾಹುಕಾರರು ಐದಾರು ವರ್ಷ ಓಡಿಸಿ ಬಿಟ್ಟ ದೊಡ್ಡ ಆಟೋಮ್ಯಾಟಿಕ್ಕುಗಳು ಎರಡನೆಯ ಕೈಯಾಗಿ, ಮೂರನೆಯ ಕೈಯಾಗಿ ನಮ್ಮ ಊರುಗಳಿಗೆ ಬಂದು ಬಾಡಿಗೆಗೆ ಓಡುತ್ತವೆ. ಹೊಸದರಲ್ಲಿ ಸುಖ ಉಂಡವನು ಮೊದಲ ಒಡೆಯ. ಬದಲಿಸದೆ ಬಿಟ್ಟ ಎಣ್ಣೆಯ ಶಿಕ್ಷೆ ಉಣ್ಣುವವನು ಮೂರನೆಯ ಒಡೆಯ. ಈ ಮೂರನೆಯ ಒಡೆಯ ನಮ್ಮವನೇ.

ಎಣ್ಣೆ ಮಾಡುವ ಕೆಲಸ

ಅಕ್ಕಿ ಗಿರಣಿಯಲ್ಲೋ ಮರದ ಮಿಲ್ಲಿನಲ್ಲೋ ದುಡಿದವರಿಗೆ ಗೇರ್‌ಬಾಕ್ಸು ಹೊಸದಲ್ಲ. ಮೋಟಾರಿನ ವೇಗವನ್ನು ತಗ್ಗಿಸುವ ಗೇರ್‌ಬಾಕ್ಸಿನ ಪಕ್ಕದಲ್ಲಿ ದುಂಡನೆಯ ಗಾಜಿನ ಕಣ್ಣೊಂದು ಇರುತ್ತದೆ. ಎಣ್ಣೆ ಆ ಕಣ್ಣಿನ ನಡುಮಟ್ಟಕ್ಕೆ ಇದೆಯೆ ಎಂದು ಫಿಟ್ಟರು ಬೆಳಿಗ್ಗೆ ಬಂದವನೇ ನೋಡುತ್ತಾನೆ. ಆ ಗಾಜನ್ನು ತೆಗೆದು ತಗಡು ಹೊಡೆದು, ‘ಇನ್ನು ಮೇಲೆ ನೋಡಬೇಡ, ಎಣ್ಣೆ ಇದ್ದೇ ಇರುತ್ತದೆ’ ಎಂದು ಯಾರಾದರೂ ಹೇಳಿದರೆ ಆ ಫಿಟ್ಟರು ಸುಮ್ಮನಿದ್ದಾನೆಯೆ? ಕಾರು ಕೊಂಡವರು ಮಾತ್ರ ಇದೇ ಮಾತಿಗೆ ತಲೆದೂಗಿದ್ದಾರೆ.

ಗಿರಣಿಯ ಗೇರ್‌ಬಾಕ್ಸಿನಲ್ಲಿ ಎಣ್ಣೆಗೆ ಇರುವುದು ಮುಖ್ಯವಾಗಿ ಒಂದೇ ಕೆಲಸ: ಹಲ್ಲಿಗೆ ಹಲ್ಲು ತಾಗಿ ಸವೆಯದಂತೆ ನೋಡಿಕೊಳ್ಳುವುದು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಅದಕ್ಕೆ ನಾಲ್ಕು ಕೆಲಸ. ಹಲ್ಲುಗಳನ್ನು ಜಾರಿಸುವುದು ಒಂದು. ಎಂಜಿನ್ನಿನ ಬಲವನ್ನು ಟಾರ್ಕ್ ಕನ್ವರ್ಟರ್ ಎಂಬ ಬಟ್ಟಲಿನ ಮೂಲಕ ಗೇರುಗಳಿಗೆ ದಾಟಿಸುವುದು ಎರಡು. ಎರಡು ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ತಿರುಗಿಸಿದರೆ ಗಾಳಿಯ ಬಲಕ್ಕೆ ಇನ್ನೊಂದೂ ತಿರುಗುವುದಿಲ್ಲವೆ, ಹಾಗೆ. ಇಲ್ಲಿ ಗಾಳಿಯ ಬದಲು ಎಣ್ಣೆ. ಒತ್ತಡದಿಂದ ಒಳಗಿನ ಕ್ಲಚ್ಚುಗಳನ್ನು ಹಿಡಿಸಿ ಬಿಡಿಸಿ ಗೇರು ಬದಲಾಯಿಸುವುದು ಮೂರು. ಹುಟ್ಟಿದ ಕಾವನ್ನು ಹೊತ್ತು ಹೊರಗೆ ಹಾಕುವುದು ನಾಲ್ಕು. ಇಷ್ಟು ಹೊರೆ ಹೊತ್ತ ಎಣ್ಣೆಗೆ ಮುಪ್ಪೇ ಇಲ್ಲವೆಂದು ಹೇಳುವವರ ಧೈರ್ಯವನ್ನು ಮೆಚ್ಚಬೇಕು!

ಈ ಎಣ್ಣೆಯ ಇತಿಹಾಸವೂ ಸ್ವಾರಸ್ಯವಾದುದು. ಅಮೇರಿಕದ ಜನರಲ್ ಮೋಟಾರ್ಸ್ ಕಂಪನಿ ೧೯೩೯ರಲ್ಲಿ ಹೈಡ್ರಾಮ್ಯಾಟಿಕ್ ಎಂಬ ಗೇರ್‌ಬಾಕ್ಸನ್ನು ಹೊರತಂದಿತು. ಕಾರುಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ಬಳಕೆಗೆ ಬಂದ ಮೊದಲ ಪೂರ್ಣ ಆಟೋಮ್ಯಾಟಿಕ್ ಅದೇ. ಮುಂದೆ ಇಂಥ ಗೇರ್‌ಬಾಕ್ಸುಗಳ ಎಣ್ಣೆಗೆ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು. ೧೯೭೦ರ ದಶಕದ ಆರಂಭದಲ್ಲಿ ಅದಕ್ಕೆ ಅಲ್ಲಿಯ ಸರ್ಕಾರ ನಿಷೇಧ ಹಾಕಿದ ಮೇಲೆ ರಸಾಯನಗಳು ಆ ಸ್ಥಾನಕ್ಕೆ ಬಂದವು. ಕೆಂಪು ಬಣ್ಣ ಹಾಕಿದ್ದು ಸೋರಿದಾಗ ಎಂಜಿನ್ ಎಣ್ಣೆಯಿಂದ ಬೇರೆಯಾಗಿ ಗುರುತು ಸಿಗಲೆಂದು. ಅಂದರೆ ಮೊದಲು ಈ ಎಣ್ಣೆಯನ್ನು ಮಾಡಿದವರಿಗೆ ಅದು ಸೋರುತ್ತದೆ, ಕೆಡುತ್ತದೆ, ಕಣ್ಣಿನಿಂದ ನೋಡಬೇಕಾಗುತ್ತದೆ ಎಂಬ ವಿವೇಕವಿತ್ತು.

ಎಣ್ಣೆಯ ದೊಡ್ಡ ಶತ್ರು ಕಾವು. ಸುಮಾರು ಎಂಬತ್ತು ಡಿಗ್ರಿ ಸೆಂಟಿಗ್ರೇಡಿನಲ್ಲಿ ಕೆಲಸ ಮಾಡುವ ಎಣ್ಣೆಗೆ ಇನ್ನೂ ಹತ್ತು ಹನ್ನೊಂದು ಡಿಗ್ರಿ ಕಾವು ಏರಿದರೆ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕಸುಬಿನವರ ಹಳೆಯ ಲೆಕ್ಕ. ಬಯಲುಸೀಮೆಯ ನೇರ ರಸ್ತೆಯಲ್ಲಿ ಒಂದೇ ಗೇರಿನಲ್ಲಿ ಓಡುವ ಗಾಡಿಗೆ ಈ ಲೆಕ್ಕ ಅಷ್ಟು ತಟ್ಟದು. ಆದರೆ ತೀರ್ಥಹಳ್ಳಿಯಿಂದ ಮೇಳಿಗೆ ದಾಟಿ ಆಗುಂಬೆಗೆ ಹೋಗಿ ಘಾಟಿ ಇಳಿದು, ಸೋಮೇಶ್ವರದಿಂದ ಮತ್ತೆ ಜನ ತುಂಬಿಕೊಂಡು ಹದಿನಾಲ್ಕು ಹಿಮ್ಮುರಿ ತಿರುವುಗಳನ್ನು ಏರುವ ಗಾಡಿಯನ್ನು ನೆನೆಯಿರಿ. ಹೊಸನಗರದ ಕಡೆಯಿಂದ ಹುಲಿಕಲ್ ಘಾಟಿಯಲ್ಲಿ ಇಳಿದು ಏರುವ ಗಾಡಿಯನ್ನು ನೆನೆಯಿರಿ. ಪ್ರತಿ ತಿರುವಿಗೂ ಗೇರು ಇಳಿಯುತ್ತದೆ, ಏರುತ್ತದೆ, ಟಾರ್ಕ್ ಕನ್ವರ್ಟರು ಜಾರುತ್ತದೆ, ಜಾರಿದಷ್ಟೂ ಕಾವು. ಇದರ ಮೇಲೆ ನಮ್ಮ ಮಳೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತ ಹಳ್ಳ ಉಕ್ಕಿ ಮೋರಿಯ ಮೇಲೆ ಹರಿಯುವಾಗ ಗಾಡಿ ನುಗ್ಗಿಸಿದರೆ ಗೇರ್‌ಬಾಕ್ಸಿನ ಉಸಿರುಗೊಳವೆಯಿಂದ ನೀರು ಒಳಗೆ ಸೇರುವ ಅಪಾಯವೂ ಇದೆ. ನೀರು ಬೆರೆತ ಕೆಂಪೆಣ್ಣೆ ತಿಳಿಗೆಂಪು ಹಾಲಿನಂತಾಗುತ್ತದೆ. ನೋಡಲು ಕಡ್ಡಿಯೇ ಇಲ್ಲದಿದ್ದರೆ ಅದು ತಿಳಿಯುವುದು ಹೇಗೆ?

‘ಆಜೀವ’ ಎಂದರೆ ಯಾರ ಜೀವ?

ಗಾಡಿ ಮಾರುವವರ ‘ಆಜೀವ ಎಣ್ಣೆ’ಯ ಗುಟ್ಟು ಇನ್ನೊಂದು ಕಡೆಯಿಂದ ಬಯಲಾಗುತ್ತದೆ. ಜರ್ಮನಿಯ ಜೆಡ್.ಎಫ್. ಕಂಪನಿ ಅನೇಕ ಕಾರು ತಯಾರಕರಿಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸುಗಳನ್ನು ಮಾಡಿಕೊಡುತ್ತದೆ. ಅದೇ ಗೇರ್‌ಬಾಕ್ಸನ್ನು ಕೂರಿಸಿಕೊಂಡ ಕಾರಿನವರಲ್ಲಿ ಕೆಲವರು ‘ಎಣ್ಣೆ ಬದಲಿಸಬೇಕಿಲ್ಲ’ ಎಂದು ಹೇಳಿಕೊಂಡು ಬಂದರು. ಗೇರ್‌ಬಾಕ್ಸು ಮಾಡಿದ ಜೆಡ್.ಎಫ್.ನವರೋ, ಎಂಬತ್ತು ಸಾವಿರದಿಂದ ಒಂದು ಲಕ್ಷ ಇಪ್ಪತ್ತು ಸಾವಿರ ಕಿಲೋಮೀಟರಿನ ಒಳಗೆ, ಇಲ್ಲವೆ ಎಂಟು ವರ್ಷಕ್ಕೊಮ್ಮೆ ಬದಲಿಸಿ ಎನ್ನುತ್ತಾರೆ. ಕಠಿಣ ದಾರಿಯಾದರೆ ಇನ್ನೂ ಮುಂಚೆ. ಹೆತ್ತವಳು ಒಂದು ಹೇಳಿದರೆ ಎತ್ತಿಕೊಂಡವಳು ಇನ್ನೊಂದು ಹೇಳುತ್ತಾಳೆ. ನಾವು ಯಾರ ಮಾತು ನಂಬಬೇಕು?

ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ‘ಈ ಗಾಡಿಗೆ ಖರ್ಚು ಕಡಿಮೆ’ ಎಂದು ತೋರಿಸಿದರೆ ಮಾರಾಟ ಹೆಚ್ಚುತ್ತದೆ. ಎಣ್ಣೆ ಹಳಸುವ ಹೊತ್ತಿಗೆ ವಾರಂಟಿಯ ಅವಧಿ ಮುಗಿದಿರುತ್ತದೆ. ಆಗ ಗೇರ್‌ಬಾಕ್ಸು ಜಗ್ಗಿ, ಒದ್ದು, ಜಾರಲು ತೊಡಗಿದರೆ ‘ಗೇರ್‌ಬಾಕ್ಸೇ ಬದಲಾಗಬೇಕು’ ಎಂಬ ತೀರ್ಪು ಬರುತ್ತದೆ. ಒಂದು ಡಬ್ಬ ಎಣ್ಣೆ, ಒಂದು ಫಿಲ್ಟರು, ಒಂದು ಗ್ಯಾಸ್ಕೆಟ್ಟಿನಲ್ಲಿ ಮುಗಿಯಬೇಕಾಗಿದ್ದ ಖರ್ಚು ಒಂದು ಸುಗ್ಗಿಯ ಅಡಕೆ ಮಾರಿದ ಹಣವನ್ನು ನುಂಗುತ್ತದೆ. ‘ಆಜೀವ’ ಎಂದರೆ ಗಾಡಿಯ ಜೀವವಲ್ಲ, ವಾರಂಟಿಯ ಜೀವ ಎಂದು ತಿಳಿದರೆ ಆ ಮಾತಿಗೆ ಅರ್ಥ ಬರುತ್ತದೆ.

ಅಳತೆಕಡ್ಡಿಯ ರಾಜಕಾರಣ

ಕಡ್ಡಿ ತೆಗೆದುದಕ್ಕೆ ತಯಾರಕರು ಒಂದು ಸಮಾಧಾನ ಕೊಡುತ್ತಾರೆ. ಈಗಿನ ಎಣ್ಣೆಯ ಮಟ್ಟವನ್ನು ನಿಖರವಾದ ಕಾವಿನಲ್ಲಿ ನೋಡಬೇಕು, ಸಿಕ್ಕವರು ಸಿಕ್ಕ ಎಣ್ಣೆಯನ್ನು ಸುರಿದು ಕೆಡಿಸುತ್ತಾರೆ ಎಂಬುದು ಅದು. ಇದರಲ್ಲಿ ಸತ್ಯಾಂಶವಿದೆ, ಅಲ್ಲಗಳೆಯಬೇಕಾಗಿಲ್ಲ. ಎಣ್ಣೆ ಕಾದರೆ ಹಿಗ್ಗುತ್ತದೆ. ತಣ್ಣಗಿದ್ದಾಗ ಸರಿ ಕಂಡ ಮಟ್ಟ ಕಾದಾಗ ಹೆಚ್ಚಾಗುತ್ತದೆ. ಆದರೆ ಹಳೆಯ ಕಡ್ಡಿಯ ಮೇಲೆ ‘ತಣ್ಣಗೆ’, ‘ಬಿಸಿ’ ಎಂದು ಎರಡು ಗೆರೆಗಳಿದ್ದವು. ಕೋಟ್ಯಂತರ ಸಾಮಾನ್ಯ ಜನ ಆ ಎರಡು ಗೆರೆ ನೋಡಿಕೊಂಡೇ ಹತ್ತಾರು ವರ್ಷ ಗಾಡಿ ಓಡಿಸಿದರು. ಅವರೆಲ್ಲ ದಡ್ಡರಾಗಿರಲಿಲ್ಲ. ಈಗಲೋ, ಕಾವನ್ನು ತೋರಿಸುವ ಯಂತ್ರವನ್ನು ಗಾಡಿಗೆ ಸಿಕ್ಕಿಸಬೇಕು. ಆ ಯಂತ್ರ ಎಲ್ಲ ಗ್ಯಾರೇಜಿನಲ್ಲಿ ಇಲ್ಲ. ಎಷ್ಟು ಡಿಗ್ರಿಗೆ ನೋಡಬೇಕೆಂಬ ಅಂಕಿ ಮಾಲೀಕನ ಕೈಗೆ ಕೊಟ್ಟ ಪುಸ್ತಕದಲ್ಲಿ ಸಾಮಾನ್ಯವಾಗಿ ಸಿಗದು.

ಅಳತೆ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ಈ ಸೀಮೆಯ ಜನಕ್ಕೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ೧೯೫೧ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಎದ್ದು ನಿಂತದ್ದು ಗೇಣಿಯ ಭತ್ತ ಅಳೆಯುವ ಕೊಳಗದ ಬಗೆಗೆ ಅಲ್ಲವೆ? ಕೊಳಗ ಒಡೆಯನದಾದರೆ ಅದರ ಗಾತ್ರವೂ ಒಡೆಯನದೇ ಎಂಬ ಅನ್ಯಾಯವನ್ನು ಅವರು ಪ್ರಶ್ನಿಸಿದರು. ಆ ವರ್ಷ ರಾಮಮನೋಹರ ಲೋಹಿಯಾ ಅವರೂ ಅಲ್ಲಿಗೆ ಬಂದು ಬಂಧನಕ್ಕೆ ಒಳಗಾದರು. ಹೊಟ್ಟೆಯ ಅನ್ನಕ್ಕಾಗಿ ಅವರು ಪಟ್ಟ ಪಾಡನ್ನು ಕಾರಿನ ಎಣ್ಣೆಗೆ ಸರಿದೂಗಿಸುವುದು ಅವಿವೇಕ. ಹಾಗೆ ನಾವು ಮಾಡುವುದಿಲ್ಲ. ಆದರೆ ಅವರು ಕಲಿಸಿದ ಪಾಠ ಎಲ್ಲ ವ್ಯವಹಾರಕ್ಕೂ ಸಲ್ಲುತ್ತದೆ. ಒಂದೇ ಪಕ್ಷದ ಕೈಯಲ್ಲಿರುವ ಅಳತೆ ಅಳತೆಯೇ ಅಲ್ಲ. ತೂಕ ಅಳತೆಯ ಇಲಾಖೆ ಸಣ್ಣ ವ್ಯಾಪಾರಿಯ ತಕ್ಕಡಿಗೆ ಮುದ್ರೆ ಒತ್ತಿಸುತ್ತದೆ, ಗಿರಾಕಿಗೆ ಕಾಣುವಂತೆ ಇಡು ಎನ್ನುತ್ತದೆ. ಸರಿಯಾದ ನಿಯಮ. ಕಾರಿನ ಕಾರ್ಖಾನೆಗೆ ಮಾತ್ರ ಅಳತೆಯನ್ನು ಗಿರಾಕಿಯ ಕಣ್ಣಿಂದ ಮರೆಮಾಡುವ ಸ್ವಾತಂತ್ರ್ಯವೇಕೆ?

ಅಂಗಳದಲ್ಲಿ ಮಾಡಬಹುದಾದ ಕೆಲಸವೆ?

ಇಲ್ಲಿ ಉತ್ಸಾಹಕ್ಕಿಂತ ವಿವೇಕ ಬೇಕು. ಎಲ್ಲ ಆಟೋಮ್ಯಾಟಿಕ್ಕುಗಳೂ ಒಂದೇ ಜಾತಿಯಲ್ಲ. ಎ.ಎಂ.ಟಿ. ಎಂಬುದು ನಮ್ಮ ಸಾಮಾನ್ಯ ಗೇರ್‌ಬಾಕ್ಸೇ. ಕ್ಲಚ್ಚನ್ನೂ ಗೇರನ್ನೂ ಕಾಲು ಕೈಯ ಬದಲು ಯಂತ್ರ ಆಡಿಸುತ್ತದೆ. ಅದರ ಗೇರ್ ಎಣ್ಣೆಯನ್ನು ಮಾಮೂಲಿ ಗೇರ್‌ಬಾಕ್ಸಿನಂತೆಯೇ ಬದಲಿಸಬಹುದು. ಸಿ.ವಿ.ಟಿ. ಎಂಬುದರಲ್ಲಿ ಉಕ್ಕಿನ ಬೆಲ್ಟು ಎರಡು ರಾಟೆಗಳ ನಡುವೆ ಹಿಡಿತದ ಬಲದಿಂದ ಓಡುತ್ತದೆ; ಅದಕ್ಕೆ ಅದರದೇ ಎಣ್ಣೆ ಬೇಕು, ಬೇರೆ ಹಾಕಿದರೆ ಬೆಲ್ಟು ಜಾರಿ ಗೇರ್‌ಬಾಕ್ಸು ಹಾಳು. ಎರಡು ಕ್ಲಚ್ಚಿನವು ಇನ್ನೊಂದು ಬಗೆ. ಟಾರ್ಕ್ ಕನ್ವರ್ಟರಿನವು ಮತ್ತೊಂದು. ‘ಎಲ್ಲದಕ್ಕೂ ನಡೆಯುತ್ತದೆ’ ಎಂದು ಡಬ್ಬದ ಮೇಲೆ ಬರೆದದ್ದನ್ನು ನೋಡಿ ಸುರಿಯಬಾರದು. ಗಾಡಿಯ ಪುಸ್ತಕದಲ್ಲಿ ಹೇಳಿದ ಗುರುತಿನ ಎಣ್ಣೆ, ನಂಬಿಕೆಯ ಅಂಗಡಿಯಿಂದ, ಸೀಲು ನೋಡಿ, ಬಿಲ್ಲು ಬರೆಸಿ ತರಬೇಕು.

ಟಾರ್ಕ್ ಕನ್ವರ್ಟರಿನ ಗೇರ್‌ಬಾಕ್ಸಿನಲ್ಲಿ ಕೆಲಸದ ಕ್ರಮ ಹೀಗೆ. ಗಾಡಿಯನ್ನು ಸ್ವಲ್ಪ ದೂರ ಓಡಿಸಿ ಎಣ್ಣೆ ಉಗುರುಬೆಚ್ಚಗಾಗಲು ಬಿಡಬೇಕು. ಕುದಿಯುವಷ್ಟು ಬಿಸಿ ಬೇಡ, ಕೈ ಬೆಂದೀತು. ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಬೇಕು. ಮಳೆ ಬಿದ್ದ ಜಂಬಿಟ್ಟಿಗೆ ಮಣ್ಣಿನಲ್ಲಿ ಜಾಕು ಹೂತುಹೋಗುತ್ತದೆ. ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ತಲೆ ಹಾಕಬಾರದು. ಹಾಕಿ ಪ್ರಾಣ ಕಳೆದುಕೊಂಡವರು ಲೋಕದಲ್ಲಿ ಕಡಿಮೆಯಿಲ್ಲ. ಭದ್ರವಾದ ಸ್ಟ್ಯಾಂಡುಗಳು ನಾಲ್ಕೂ ಕಡೆ ಇರಬೇಕು; ಗ್ಯಾರೇಜಿನ ಹೊಂಡ ಸಿಕ್ಕಿದರೆ ಎಲ್ಲಕ್ಕಿಂತ ಉತ್ತಮ, ಏಕೆಂದರೆ ಗಾಡಿ ಮಟ್ಟವಾಗಿಯೇ ಇರುತ್ತದೆ.

ಮೊದಲು ಎಣ್ಣೆ ತುಂಬುವ ಬಿರಡೆಯನ್ನು ಸಡಿಲಿಸಿ ನೋಡಬೇಕು, ಆಮೇಲೆ ಇಳಿಸುವ ಬಿರಡೆಗೆ ಕೈ ಹಾಕಬೇಕು. ಇದು ಚಿಕ್ಕ ಮಾತು, ಆದರೆ ದೊಡ್ಡ ಪಾಠ. ಎಣ್ಣೆ ಎಲ್ಲ ಇಳಿಸಿದ ಮೇಲೆ ತುಂಬುವ ಬಿರಡೆ ತುಕ್ಕು ಹಿಡಿದು ಬರಲೊಲ್ಲದಿದ್ದರೆ ಗಾಡಿ ಅಂಗಳದಲ್ಲೇ ಕೂರಬೇಕಾಗುತ್ತದೆ. ಇಳಿದ ಎಣ್ಣೆಯನ್ನು ಗೆರೆ ಹಾಕಿದ ಪಾತ್ರೆಯಲ್ಲಿ ಅಳೆಯಬೇಕು. ಮತ್ತೆ ಮೊದಲು ತುಂಬಬೇಕಾದ್ದು ಸರಿಸುಮಾರು ಅಷ್ಟೇ. ತಳದ ಪ್ಯಾನು ಬಿಚ್ಚಿದರೆ ಒಳಗೆ ಅಯಸ್ಕಾಂತದ ಬಿಲ್ಲೆಗಳು ಕಾಣುತ್ತವೆ. ಅವುಗಳ ಮೇಲೆ ಬೂದು ಬಣ್ಣದ ನುಣ್ಣನೆಯ ಕೆಸರು ಇದ್ದರೆ ಅದು ಸಹಜ ಸವೆತ. ಕೈಗೆ ಚುಚ್ಚುವ ಲೋಹದ ಚೂರು ಸಿಕ್ಕಿದರೆ ಒಳಗೆ ಏನೋ ಮುರಿದಿದೆ ಎಂದು ಅರ್ಥ. ಹೊಸ ಎಣ್ಣೆ ಅದನ್ನು ಗುಣಮಾಡದು. ಫಿಲ್ಟರನ್ನು ಅದರ ರಬ್ಬರು ಉಂಗುರದ ಸಮೇತ ಬದಲಿಸಬೇಕು. ಹಳೆಯ ಉಂಗುರ ಒಳಗೇ ಅಂಟಿ ಉಳಿಯುವುದುಂಟು, ನೋಡಿ ತೆಗೆಯಬೇಕು. ಗ್ಯಾಸ್ಕೆಟ್ಟು ಹೊಸದಿರಬೇಕು. ಬೋಲ್ಟುಗಳನ್ನು ಎದುರುಬದುರಾಗಿ, ಸರದಿಯಂತೆ, ಟಾರ್ಕ್ ರೆಂಚಿನಿಂದ ಹೇಳಿದಷ್ಟೇ ಬಿಗಿಯಬೇಕು. ಗಾಡಿಯ ಗಾಲಿಗೆ ಹಾಕುವ ಬಲವನ್ನು ಈ ಸಣ್ಣ ಬೋಲ್ಟುಗಳಿಗೆ ಹಾಕಿದರೆ ಅಲ್ಯೂಮಿನಿಯಮ್ಮಿನ ಮರೆ ಕಿತ್ತುಬರುತ್ತದೆ.

ಕೊನೆಗೆ ಮಟ್ಟ ನೋಡುವುದು. ಎಂಜಿನ್ ಚಾಲೂ ಇಟ್ಟು, ಬ್ರೇಕು ತುಳಿದುಕೊಂಡೇ ಗೇರಿನ ಹಿಡಿಯನ್ನು ಎಲ್ಲ ಸ್ಥಾನಗಳಿಗೂ ಒಮ್ಮೆ ನಿಧಾನವಾಗಿ ತಂದು ಪಾರ್ಕಿಂಗಿಗೆ ಸೇರಿಸಬೇಕು. ಎಣ್ಣೆ ನಿಗದಿಯಾದ ಕಾವಿಗೆ ಬಂದಾಗ ಮಟ್ಟದ ಬಿರಡೆ ತೆಗೆದರೆ ಹೆಚ್ಚಾದದ್ದು ಹರಿದು ಬರುತ್ತದೆ. ಧಾರೆ ಕಡಿದು ಹನಿಯಾದಾಗ ಬಿರಡೆ ಮುಚ್ಚಬೇಕು. ಏನೂ ಬರದಿದ್ದರೆ ಎಣ್ಣೆ ಕಡಿಮೆ ಎಂದು ಅರ್ಥ. ಎಂಜಿನ್ ಓಡುತ್ತಿರುವಾಗ ಕೆಳಗೆ ಇರಬೇಕಾದ ಈ ಹಂತ ಒಬ್ಬರೇ ಮಾಡುವ ಕೆಲಸವಲ್ಲ. ಮೇಲೆ ಒಬ್ಬರು ಬ್ರೇಕಿನ ಮೇಲೆ ಕಾಲಿಟ್ಟು ಕೂತಿರಬೇಕು, ಗಾಲಿಗಳಿಗೆ ಅಡ್ಡಗಟ್ಟೆ ಇರಬೇಕು.

ಒಂದು ಸಲ ಹೀಗೆ ಮಾಡಿದರೆ ಎಲ್ಲ ಎಣ್ಣೆಯೂ ಬದಲಾಗುವುದಿಲ್ಲ. ಟಾರ್ಕ್ ಕನ್ವರ್ಟರಿನಲ್ಲೂ ತಂಪುಗೊಳವೆಗಳಲ್ಲೂ ಅರ್ಧಕ್ಕೂ ಹೆಚ್ಚು ಉಳಿದುಬಿಡುವುದುಂಟು. ಆದ್ದರಿಂದ ತಿಳಿದವರು ಕೆಲವು ಸಾವಿರ ಕಿಲೋಮೀಟರು ಬಿಟ್ಟು ಮತ್ತೊಮ್ಮೆ ಇಳಿಸಿ ತುಂಬುತ್ತಾರೆ. ಲಕ್ಷಗಟ್ಟಲೆ ಓಡಿ ಎಂದೂ ಬದಲಿಸದ, ಸುಟ್ಟ ವಾಸನೆ ಬರುವ, ಈಗಾಗಲೇ ಜಾರುತ್ತಿರುವ ಗೇರ್‌ಬಾಕ್ಸಿಗೆ ಎಣ್ಣೆ ಬದಲಿಕೆ ಸಂಜೀವಿನಿಯಲ್ಲ. ‘ಎಣ್ಣೆ ಬದಲಿಸಿದ ಮೇಲೆಯೇ ಕೆಟ್ಟಿತು’ ಎಂಬ ಮಾತು ಹುಟ್ಟುವುದು ಹೆಚ್ಚಾಗಿ ಇಂಥ ಗಾಡಿಗಳಿಂದ. ರೋಗಿ ಸಾಯುವ ಹೊತ್ತಿಗೆ ಬಂದ ವೈದ್ಯನಿಗೆ ಕೆಟ್ಟ ಹೆಸರು!

ಹೊರಗೆ ಇಳಿದ ಎಣ್ಣೆ

ಇನ್ನೊಂದು ಹೊಣೆಯನ್ನೂ ನಾವು ಹೊರಬೇಕು. ಬಳಸಿದ ಎಣ್ಣೆ ೨೦೧೬ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿಯಲ್ಲಿ ಬರುತ್ತದೆ. ೨೦೨೪ರ ಏಪ್ರಿಲಿನಿಂದ ಎಣ್ಣೆ ತಯಾರಕರೇ ಹಳೆಯ ಎಣ್ಣೆಯ ಮರುಬಳಕೆಯ ಹೊಣೆಯಲ್ಲಿ ಪಾಲು ಹೊರಬೇಕೆಂಬ ನಿಯಮವೂ ಜಾರಿಗೆ ಬಂದಿದೆ. ನಮ್ಮ ಕಡೆ ಅದನ್ನು ಬೇಲಿಗೂಟಕ್ಕೆ ಒರಲೆ ಹಿಡಿಯದಿರಲೆಂದು ಬಳಿಯುತ್ತಾರೆ, ಉಳಿದದ್ದನ್ನು ಚರಂಡಿಗೆ ಚೆಲ್ಲುತ್ತಾರೆ. ಮೊದಲ ಮಳೆಗೆ ಅದು ತೋಟದ ಕಾಲುವೆಗೆ, ಹಳ್ಳಕ್ಕೆ, ತುಂಗೆಗೆ ಹೋಗುತ್ತದೆ. ಅಡಕೆ ಒಣಗಿಸುವ ಕಣದಲ್ಲಿ ಈ ಕೆಲಸ ಮಾಡುವುದಂತೂ ಸಲ್ಲದು. ಮುಚ್ಚಳವಿರುವ ಡಬ್ಬದಲ್ಲಿ ತುಂಬಿ, ಹಳೆಯ ಎಣ್ಣೆಯನ್ನು ಮರುಬಳಕೆಗೆ ಸೇರಿಸುವ ಗ್ಯಾರೇಜಿಗೆ ಒಪ್ಪಿಸಬೇಕು. ಕಂಪನಿಗಳಿಗೆ ಹೊಣೆ ಕಲಿಸಹೊರಟ ನಾವು ನಮ್ಮ ಹೊಣೆಯಿಂದ ಜಾರಿಕೊಂಡರೆ ನಗೆಪಾಟಲಾಗುತ್ತೇವೆ.

ಕಾನೂನು ಏನು ಹೇಳಿದೆ?

ಕಾರು ತಯಾರಕರು ಬಿಡಿಭಾಗಗಳನ್ನೂ ದೋಷ ಪತ್ತೆಮಾಡುವ ಉಪಕರಣಗಳನ್ನೂ ಪೇಟೆಗೆ ಬಿಡದೆ ತಮ್ಮ ವರ್ಕ್‌ಷಾಪುಗಳಲ್ಲೇ ಕಟ್ಟಿಹಾಕಿದ್ದಾರೆ ಎಂದು ೨೦೧೧ರಲ್ಲಿ ಒಬ್ಬ ಗ್ರಾಹಕ ಭಾರತ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು. ೨೦೧೪ರ ಆಗಸ್ಟ್ ೨೫ರಂದು ಆಯೋಗ ತೀರ್ಪಿತ್ತು, ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು ೨,೫೪೪ ಕೋಟಿ ರೂಪಾಯಿಗೂ ಮೀರಿದ ದಂಡ ಹಾಕಿತು. ಬಿಡಿಭಾಗ, ಉಪಕರಣ, ಮಾಹಿತಿಗಳು ಹೊರಗಿನ ಮೆಕ್ಯಾನಿಕರಿಗೂ ಸಿಗುವಂತಿರಬೇಕು, ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ರದ್ದು ಎಂಬ ಸಾರಾಸಗಟು ಷರತ್ತು ಕೂಡದು ಎಂದೂ ಹೇಳಿತು. ಕಂಪನಿಗಳು ಸುಮ್ಮನಿರಲಿಲ್ಲ, ಮೇಲಿನ ಮಂಡಳಿ, ನ್ಯಾಯಾಲಯಗಳ ಮೆಟ್ಟಿಲು ಹತ್ತಿದವು. ೨೦೨೨ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕಿ’ನ ಬಗೆಗೆ ಸಮಿತಿ ನೇಮಿಸಿತು. ಕೃಷಿ ಯಂತ್ರ, ಮೊಬೈಲು, ಮನೆಬಳಕೆಯ ಯಂತ್ರಗಳ ಜೊತೆಗೆ ಮೋಟಾರು ಗಾಡಿಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಅದೇ ವರ್ಷ ಡಿಸೆಂಬರ್ ೨೪ರಂದು ಅದಕ್ಕಾಗಿ ಒಂದು ಮಾಹಿತಿ ತಾಣವನ್ನೂ ತೆರೆಯಿತು. ಒಳ್ಳೆಯದೇ. ಆದರೆ ಮಾಹಿತಿ ಫಲಕ ತೂಗುಹಾಕಿದ ಮಾತ್ರಕ್ಕೆ ಕಾಯಿದೆಯ ಬಲ ಬರುವುದಿಲ್ಲ. ಬಂಡವಾಳಗಾರರ ದೇಶವೆಂದು ನಾವು ಹೇಳುವ ಅಮೇರಿಕದಲ್ಲಿಯೇ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು ೨೦೧೨ರಲ್ಲಿ ಕಾರುಗಳ ರಿಪೇರಿಯ ಹಕ್ಕನ್ನು ಮತಕ್ಕೆ ಹಾಕಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮತದಿಂದ ಗೆಲ್ಲಿಸಿದರು. ಅವರಿಗೆ ಆದದ್ದು ನಮಗೇಕೆ ಆಗದು?

ಮನೆಯಲ್ಲೇ ಎಣ್ಣೆ ಬದಲಿಸಿದರೆ ಮೆಕ್ಯಾನಿಕನ ಅನ್ನಕ್ಕೆ ಕಲ್ಲು ಬೀಳುವುದಿಲ್ಲವೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದು. ಆದರೆ ಮೆಕ್ಯಾನಿಕನ ಅನ್ನವನ್ನು ಕಸಿಯುತ್ತಿರುವವನು ಅಂಗಳದಲ್ಲಿ ಸ್ಪಾನರು ಹಿಡಿದ ಗಿರಾಕಿಯಲ್ಲ. ತೀರ್ಥಹಳ್ಳಿಯಿಂದ ಸುಮಾರು ಅರವತ್ತು, ಸಾಗರದಿಂದ ಸುಮಾರು ಎಪ್ಪತ್ತು ಕಿಲೋಮೀಟರು ದೂರದ ಶಿವಮೊಗ್ಗೆಗೆ ಗಾಡಿ ಒಯ್ಯುವಂತೆ ಮಾಡುವ ಗುಟ್ಟಿನ ವ್ಯವಸ್ಥೆಯೇ ಅದನ್ನು ಕಸಿಯುವುದು. ಬೀಗ ಹಾಕಿದ ಬಾಗಿಲಿನ ಹೊರಗೆ ಮಾಲೀಕನೂ ನಿಂತಿದ್ದಾನೆ, ಊರಿನ ಮೆಕ್ಯಾನಿಕನೂ ನಿಂತಿದ್ದಾನೆ. ಇಬ್ಬರ ಹಿತವೂ ಒಂದೇ.

ಕೇಳಬೇಕಾದ್ದು, ಮಾಡಬೇಕಾದ್ದು

ಸರ್ಕಾರದಿಂದ ನಾವು ಕೇಳಬೇಕಾದ್ದು ಹೆಚ್ಚೇನಲ್ಲ. ಗೇರ್‌ಬಾಕ್ಸಿನ ಎಣ್ಣೆಯ ಗುರುತು, ಪ್ರಮಾಣ, ಬದಲಿಸುವ ಅವಧಿ, ಮಟ್ಟ ನೋಡುವ ಕಾವು, ಬೋಲ್ಟಿನ ಬಿಗಿ—ಈ ಐದನ್ನು ಗಾಡಿಯ ಜೊತೆಗೆ ಕೊಡುವ ಪುಸ್ತಕದಲ್ಲಿ ಕನ್ನಡದಲ್ಲಿ ಅಚ್ಚು ಹಾಕಬೇಕು. ಘಾಟಿಯ ದಾರಿಯ ಗಾಡಿಗೆ ಬೇರೆ ಅವಧಿ ಹೇಳಬೇಕು. ಫಿಲ್ಟರು, ಗ್ಯಾಸ್ಕೆಟ್ಟು ಯಾವ ಬಿಡಿಭಾಗದ ಅಂಗಡಿಯಲ್ಲಾದರೂ ಬೆಲೆ ಚೀಟಿಯೊಂದಿಗೆ ಸಿಗಬೇಕು. ಅಳತೆಕಡ್ಡಿಯನ್ನು ತೆಗೆದವರು ಅದರ ಬದಲು ಮಾಲೀಕನಿಗೆ ಮಟ್ಟ ತಿಳಿಯುವ ಸುಲಭ ಉಪಾಯ ಕೊಡಬೇಕು. ಕಾವನ್ನು ಅಳೆಯುವ ಸೂಕ್ಷ್ಮಯಂತ್ರ ಗಾಡಿಯಲ್ಲೇ ಇರುವಾಗ ಆ ಅಂಕಿಯನ್ನು ಚಾಲಕನ ಮುಂದಿನ ಫಲಕದಲ್ಲಿ ತೋರಿಸಲು ಏನು ತೊಂದರೆ?

ಸರ್ಕಾರ ಕೊಡುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಮಲೆನಾಡಿನಲ್ಲಿ ಮುಯ್ಯಾಳಿನ ಪದ್ಧತಿ ಇದೆ. ನಿನ್ನ ಗದ್ದೆಗೆ ನಾನು, ನನ್ನ ಗದ್ದೆಗೆ ನೀನು. ಟಾರ್ಕ್ ರೆಂಚು, ಕಾವು ತೋರಿಸುವ ಯಂತ್ರ, ನಾಲ್ಕು ಸ್ಟ್ಯಾಂಡು—ಇವನ್ನು ಒಬ್ಬೊಬ್ಬರೂ ಕೊಳ್ಳುವ ಅಗತ್ಯವಿಲ್ಲ. ಬಾಡಿಗೆ ಗಾಡಿಯವರ ಸಂಘ, ವರ್ತಕರ ಸಂಘ, ಗಿರಣಿ ಕಾರ್ಮಿಕರ ಸಂಘ ಸೇರಿ ಒಂದು ಜೊತೆ ಕೊಂಡು ಊರಿನ ಗ್ಯಾರೇಜಿನ ಹೊಂಡದ ಬಳಿ ಇಡಬಹುದು. ಅಡಕೆ ಕೊಯ್ಲು ಮುಗಿದು ಮಳೆ ಹಿಡಿಯುವ ಮುಂಚಿನ ತಿಂಗಳುಗಳಲ್ಲಿ, ಐ.ಟಿ.ಐ.ಯಲ್ಲಿ ಮೋಟಾರು ಕಸುಬು ಕಲಿತ ಹುಡುಗರನ್ನೂ ಅನುಭವದ ಮೆಕ್ಯಾನಿಕರನ್ನೂ ಕೂರಿಸಿಕೊಂಡು ಒಂದೊಂದೇ ಗಾಡಿ ಬಿಚ್ಚಿ ಕಲಿಯಬಹುದು. ಯಾವ ಗಾಡಿಗೆ ಎಷ್ಟು ಎಣ್ಣೆ ಇಳಿಯಿತು, ಯಾವ ಕಿಲೋಮೀಟರಿಗೆ ಎಣ್ಣೆ ಯಾವ ಬಣ್ಣಕ್ಕೆ ತಿರುಗಿತ್ತು ಎಂದು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟರೆ, ಆ ನೋಟುಪುಸ್ತಕ ಎರಡು ಮೂರು ವರ್ಷದಲ್ಲಿ ಕಂಪನಿಯ ಪುಸ್ತಕಕ್ಕಿಂತ ನಮಗೆ ಹೆಚ್ಚು ಉಪಕಾರಿಯಾಗುತ್ತದೆ.

ಕಾರಿಲ್ಲದವರು ಸ್ಕೂಟರಿನಿಂದ ಮೊದಲು ಮಾಡಲಿ. ಒಂದು ಲೋಟ ಎಣ್ಣೆ, ಎರಡು ಬೋಲ್ಟು, ಅರ್ಧ ಗಂಟೆ. ಹಳೆಯ ಎಣ್ಣೆ ಹೊರಗೆ ಬಂದಾಗ ಅದರ ಬಣ್ಣವನ್ನು ಮಕ್ಕಳಿಗೂ ತೋರಿಸಲಿ. ಯಂತ್ರದ ಒಳಗನ್ನು ಒಮ್ಮೆ ಕಂಡವನಿಗೆ ‘ಇದು ನಿನಗೆ ತಿಳಿಯದು’ ಎಂದು ಯಾರೂ ಸುಲಭವಾಗಿ ಹೇಳಲಾರರು. ಯಂತ್ರಕ್ಕೆ ಹಣ ಕೊಟ್ಟವರು ನಾವು, ಅದರ ಕಂತು ಕಟ್ಟುವವರು ನಾವು, ಅದು ಘಾಟಿಯ ನಡುವೆ ನಿಂತರೆ ಮಳೆಯಲ್ಲಿ ನೆನೆಯುವವರೂ ನಾವೇ. ಅಳತೆಯೂ ನಮ್ಮ ಕೈಯಲ್ಲೇ ಇರಲಿ.